ಯಂತ್ರದ ಪೆಟ್ಟಿಗೆಯಲ್ಲಿ ಸಿಗುವ ಗ್ರೀಸ್ ಗನ್

ಕೆರೆಯ ಹೂಳು ತೆಗೆಯಲು, ತೋಟದ ಬಸಿಗಾಲುವೆ ಆಳ ಮಾಡಲು, ಕೃಷಿ ಹೊಂಡ ತೋಡಲು ಈಗ ಮಳಗಿ ಸುತ್ತಿನಲ್ಲಿ ಬಾಡಿಗೆಯ ಯಂತ್ರಗಳನ್ನು ಕರೆಸುವುದು ರೂಢಿ. ಕೆಲಸ ಮುಗಿಯದಿದ್ದರೆ ಯಂತ್ರ ರಾತ್ರಿ ತೋಟದಲ್ಲೇ ನಿಲ್ಲುತ್ತದೆ. ಅದರ ಸಾಮಾನಿನ ಪೆಟ್ಟಿಗೆಯಲ್ಲಿ ಪಾನಾ, ಸುತ್ತಿಗೆಗಳ ನಡುವೆ ಒಂದು ಅಪರಿಚಿತ ಸಾಧನ ಕಾಣುತ್ತದೆ: ಮೊಳದುದ್ದಕ್ಕೆ ಸ್ವಲ್ಪ ಕಡಿಮೆಯ ಉಕ್ಕಿನ ಕೊಳವೆ, ಹಿಂದೆ ಎಳೆಯುವ ಸರಳು, ಮುಂದೆ ಒತ್ತುವ ಹಿಡಿ, ಅಲ್ಲಿಂದ ಹೊರಟ ಸಣ್ಣ ನಳಿಗೆ. ಕೊಳೆ ಔಷಧಿ ಹೊಡೆಯುವ ಪಂಪಿನ ಮರಿ ಇರಬೇಕೆಂದು ಕೆಲವರು, ಜಾಕ್ ಎಂದು ಕೆಲವರು ಭಾವಿಸುತ್ತಾರೆ. ಇದು ಎರಡೂ ಅಲ್ಲ, ಗ್ರೀಸ್ ಗನ್.

ಗುರುತು ಹಿಡಿಯಲು ನಳಿಗೆಯ ತುದಿಯನ್ನು ನೋಡಬೇಕು. ಔಷಧಿ ಪಂಪಿನ ತುದಿಯಲ್ಲಿ ಬರೀ ಸಣ್ಣ ರಂಧ್ರವಿರುತ್ತದೆ. ಇದರ ತುದಿಯೊಳಗೆ ಕಚ್ಚಿ ಹಿಡಿಯುವ ಪುಟ್ಟ ಉಕ್ಕಿನ ದವಡೆಗಳಿರುತ್ತವೆ. ಯಂತ್ರದ ಬಕೆಟ್ಟು, ತೋಳುಗಳ ಪಿನ್ನುಗಳ ಬಳಿ ಕಡಲೆಕಾಳಿನಷ್ಟು ತಲೆಯ ನಿಪ್ಪಲ್‌ಗಳಿವೆಯಲ್ಲ, ಈ ದವಡೆಗಳು ಹಿಡಿಯುವುದು ಅವುಗಳನ್ನೇ. ನಿಪ್ಪಲ್ಲಿನೊಳಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ಗುಂಡು ಇರುತ್ತದೆ. ಹೊರಗಿನಿಂದ ಗ್ರೀಸ್ ಒತ್ತಿದರೆ ಗುಂಡು ಹಿಂದೆ ಸರಿದು ದಾರಿ ಬಿಡುತ್ತದೆ. ಒತ್ತಡ ನಿಂತೊಡನೆ ಬಾಯಿ ಮುಚ್ಚುತ್ತದೆ. ಈ ಬಗೆಯ ನಿಪ್ಪಲ್ಲಿಗೆ ಆಸ್ಕರ್ ಝರ್ಕ್ ಎಂಬವರು 1929ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಹೊಸ ಗ್ರೀಸ್ ಒಳಹೋದಂತೆ ಹಳೆಯದು ಕೆಸರು, ಮರಳಿನ ಸಮೇತ ಹೊರಬರುತ್ತದೆ. ಕೆರೆಯ ರಾಡಿಯಲ್ಲಿ ದುಡಿದ ಯಂತ್ರಕ್ಕೆ ಚಾಲಕರು ದಿನವೂ ಗ್ರೀಸ್ ಹೊಡೆಯುವುದು ಇದಕ್ಕಾಗಿಯೇ. ಅದನ್ನು ಕಾಲಹರಣವೆಂದು ಬಾಡಿಗೆ ಕೊಡುವವರು ಗೊಣಗಬಾರದು.

ಚೈನಿನ ಮೇಲೆ ನಡೆಯುವ ಯಂತ್ರದಲ್ಲಿ ಇದಕ್ಕೆ ಇನ್ನೊಂದು ಕೆಲಸವಿದೆ. (ಯಾವ ಕಂಪನಿಯದಾದರೂ ಅದನ್ನು ನಾವು ಹಿಟಾಚಿ ಎಂದೇ ಕರೆಯುತ್ತೇವೆ, ಎಲ್ಲ ವನಸ್ಪತಿಯೂ ಡಾಲ್ಡಾ ಆದ ಹಾಗೆ. ಟಾಟಾ ಹಿಟಾಚಿಯ ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇದೆ.) ಚೈನು ಸಡಿಲಾದರೆ ಅದರ ಚೌಕಟ್ಟಿನೊಳಗಿನ ಸಿಲಿಂಡರಿಗೆ ಇದೇ ಗನ್ನಿನಿಂದ ಗ್ರೀಸ್ ತುಂಬುತ್ತಾರೆ. ಆ ಗ್ರೀಸ್ ಮುಂದಿನ ಚಕ್ರವನ್ನು ಮುಂದಕ್ಕೆ ದೂಡಿ ಚೈನನ್ನು ಬಿಗಿ ಮಾಡುತ್ತದೆ. ಟಯರಿನ ಜೆಸಿಬಿಗೆ ಈ ವ್ಯವಸ್ಥೆ ಬೇಕಿಲ್ಲ.

ಅಪಾಯವಿರುವುದು ಈ ಒತ್ತಡದಲ್ಲಿ. ಕೈಯಿಂದ ಹಿಡಿ ಒತ್ತಿದರೂ ಒಳಗಿನ ಪಿಸ್ಟನ್ ಬಹಳ ಸಪೂರವಾದ್ದರಿಂದ ಒತ್ತಡ ಚದರ ಸೆಂಟಿಮೀಟರಿಗೆ 400 ಕಿಲೋ ಮೀರಬಹುದು. ಕಾರಿನ ಟಯರಿನಲ್ಲಿರುವುದು ಸುಮಾರು 2 ಕಿಲೋ ಮಾತ್ರ. ಆದ್ದರಿಂದ ಮಕ್ಕಳು ಇದನ್ನು ಆಟಕ್ಕೆ ಹಿಡಿಯದಂತೆ ನೋಡಿಕೊಳ್ಳಬೇಕು. ರಬ್ಬರ್ ನಳಿಗೆ ಬಿರುಕು ಬಿಟ್ಟಿದ್ದರೆ ಅದನ್ನು ಕೈಯಲ್ಲಿ ಹಿಡಿದು ಒತ್ತಬಾರದು, ಬದಲಿಸಬೇಕು. ಚೈನಿನ ಸಿಲಿಂಡರಿನ ವಾಲ್ವಿಗಂತೂ ತೋಟದವರು ಕೈ ಹಾಕಲೇಬಾರದು. ಒಳಗೆ ಒತ್ತಡವಿರುವಾಗ ಅದನ್ನು ಪೂರ್ತಿ ಬಿಚ್ಚಿದರೆ ವಾಲ್ವೇ ಗುಂಡಿನಂತೆ ಹಾರಿಬರುತ್ತದೆ. ಬಲ್ಲ ಚಾಲಕರು ಮುಖವನ್ನು ಪಕ್ಕಕ್ಕಿಟ್ಟು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಗ್ರೀಸ್ ಹೊರಬಿಡುತ್ತಾರೆ.

ಅಡಿಕೆ ಸುಲಿಯುವ ಯಂತ್ರ, ಟಿಲ್ಲರ್ ಇರುವ ಸದಸ್ಯರಿಗೆ ಸ್ವಂತದ ಸಣ್ಣ ಗನ್ ಉಪಯುಕ್ತವೇ. ಯಂತ್ರ ನಿಲ್ಲಿಸಿ, ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸಿ, ಗನ್ನನ್ನು ನೇರವಾಗಿ ಕೂರಿಸಬೇಕು. ಒರೆಸದಿದ್ದರೆ ಮಣ್ಣನ್ನೇ ಬೇರಿಂಗಿನೊಳಗೆ ತಳ್ಳಿದಂತಾಗುತ್ತದೆ. ಬೇರಿಂಗಿಗೆ ಎರಡು ಮೂರು ಒತ್ತು ಸಾಕು. ವಿಪರೀತ ತುಂಬಿದರೆ ಸೀಲು ಕಿತ್ತುಬರುತ್ತದೆ, ಬೇರಿಂಗೂ ಕಾಯುತ್ತದೆ. ಹೊಸದಾಗಿ ತುಂಬಿದ ಗನ್ ಗ್ರೀಸ್ ಕೊಡದಿದ್ದರೆ ಕೆಟ್ಟಿದೆಯೆಂದು ಎಸೆಯಬೇಡಿ, ಒಳಗೆ ಗಾಳಿ ಸಿಕ್ಕಿರುತ್ತದೆ. ತಲೆಯನ್ನು ಒಂದು ಸುತ್ತು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಿ.

ಒತ್ತಡದ ಗ್ರೀಸ್ ಬೆರಳಿಗೆ ಹೊಕ್ಕರೆ ಮೇಲೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ. ರಕ್ತವೂ ಹೆಚ್ಚು ಬರುವುದಿಲ್ಲ, ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಒಳಗೆ ಮಾತ್ರ ಗ್ರೀಸ್ ಮಾಂಸದ ಪದರಗಳ ನಡುವೆ ಹರಡಿರುತ್ತದೆ. ಕೆಲವು ಗಂಟೆಗಳಲ್ಲಿ ಬೆರಳು ಬಾತು, ತಡವಾದರೆ ಕತ್ತರಿಸಬೇಕಾದೀತು. ಹಿಂಡಿ ತೆಗೆಯುವುದು, ಅರಿಶಿನ ಹಚ್ಚಿ ಬೆಳಗಿನ ತನಕ ಕಾಯುವುದು ಸಲ್ಲದು. ಶಸ್ತ್ರಚಿಕಿತ್ಸೆಗೆ ಅನುಕೂಲವಿರುವ ಆಸ್ಪತ್ರೆಗೆ, ಶಿರಸಿಯಾಗಲಿ ಹುಬ್ಬಳ್ಳಿಯಾಗಲಿ, ಕೂಡಲೇ ಹೊರಡಬೇಕು. ದಾರಿಯಲ್ಲಿ ಏನೂ ತಿನ್ನಬಾರದು. ವೈದ್ಯರಿಗೆ “ಏನೋ ಚುಚ್ಚಿತು” ಎನ್ನದೆ, “ಗ್ರೀಸ್ ಗನ್ನಿನ ಒತ್ತಡದಿಂದ ಗ್ರೀಸ್ ಒಳಗೆ ಹೋಗಿದೆ” ಎಂದೇ ಹೇಳಬೇಕು. ಗ್ರೀಸಿನ ಡಬ್ಬಿಯನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.