ಶಾಸನಪಾಠದ ಕೋನಾವರಣ: ಎಕ್ಸ್‌ಎಂಎಲ್ ಪುಟಗಳಲ್ಲಿ ಚಿಹ್ನೆಗಳ ಸ್ವರೂಪರಕ್ಷಣೆ

ಮೈಸೂರು ಜಿಲ್ಲೆಯ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ (ಇಂದಿನ ಕೃಷ್ಣರಾಜನಗರ) ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 4ನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚಾದುವು. ಮೈಸೂರು ವಿಶ್ವವಿದ್ಯಾನಿಲಯವು ಅವನ್ನು ಪರಿಷ್ಕರಿಸಿ, ಹೊಸದಾಗಿ ದೊರೆತವುಗಳನ್ನೂ ಸೇರಿಸಿ ಮರಳಿ ಪ್ರಕಟಿಸಿತು. ಹುಣಸೂರು, ಪಿರಿಯಾಪಟ್ಟಣಗಳವು 1975ರ ಸಂಪುಟದಲ್ಲಿವೆ. ಇಂತಹ ಪಾಠಗಳನ್ನು ಗಣಕಕ್ಕೆ ಏರಿಸುವವನಿಗೆ ಕಲ್ಲಿನ ತೊಡಕಲ್ಲದೆ ಬೇರೊಂದು ತೊಡಕೂ ಎದುರಾಗುತ್ತದೆ. ನೋಡುವುದಕ್ಕೆ ಅದು ಅತ್ಯಲ್ಪ; ಆದರೆ ಶಾಸನದ ಒಂದಕ್ಷರವನ್ನು ಸದ್ದಿಲ್ಲದೆ ನುಂಗಬಲ್ಲುದು.

ಕಲ್ಲಿನಲ್ಲಿರುವುದು ಯಾವುದು, ಸಂಪಾದಕನು ಸೇರಿಸಿದುದು ಯಾವುದು ಎಂಬುದನ್ನು ಬೇರ್ಪಡಿಸಿ ತೋರಿಸುವುದು ಶಾಸನಶಾಸ್ತ್ರದ ಮೊದಲ ಧರ್ಮ. 1931ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ವಿದ್ವಾಂಸರು ಇದಕ್ಕೆ ಕೆಲವು ಸಂಕೇತಗಳನ್ನು ಗೊತ್ತುಮಾಡಿದರು. ಸವೆದುಹೋದ ಅಕ್ಷರವನ್ನು ಊಹಿಸಿ ತುಂಬಿದರೆ ಚೌಕಾವರಣ. ಕಂಡರಿಸಿದವನೇ ಕೈತಪ್ಪಿ ಬಿಟ್ಟುದನ್ನು ಪೂರೈಸಿದರೆ ಕೋನಾವರಣ. ಈ ಕೋನಾವರಣಕ್ಕೆ ಯೂನಿಕೋಡಿನಲ್ಲಿ ಸ್ವಂತ ಚಿಹ್ನೆಯೇ ಉಂಟು. ಆದರೆ ಕೀಲಿಮಣೆಯಲ್ಲಿ ಅದು ಸಿಕ್ಕದು. ಬೆರಳು ಗಣಿತದ < > ಚಿಹ್ನೆಗಳ ಮೇಲೆಯೇ ಬೀಳುತ್ತದೆ.

ಎಕ್ಸ್‌ಎಂಎಲ್ ಎಂಬುದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1998ರ ಫೆಬ್ರವರಿ 10ರಂದು ಅಂಗೀಕರಿಸಿದ ಬರೆವಣಿಗೆಯ ಪದ್ಧತಿ. ಅದರಲ್ಲಿ ಪಾಠವೂ ಪಾಠವನ್ನು ಕುರಿತ ವಿಧಿಯೂ ಒಂದೇ ಸಾಲಿನಲ್ಲಿ ಬೆರೆತು ಬರುತ್ತವೆ. < ಬಂದರೆ ಟ್ಯಾಗು, ಎಂದರೆ ವಿಧಿ, ಮೊದಲಾಯಿತೆಂದೂ, & ಬಂದರೆ ಬೇರೊಂದು ಅಕ್ಷರದ ಅಥವಾ ಪಾಠದ ಉಲ್ಲೇಖ ಮೊದಲಾಯಿತೆಂದೂ ಯಂತ್ರವು ತಿಳಿಯುತ್ತದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನವನ್ನು ಸಾಹಿತ್ಯದ ಅಧ್ಯಾಪಕರೆಲ್ಲರೂ ಬಲ್ಲರು. ಅದರಲ್ಲಿ ಕೀರ್ತಿತಳಾದ ದೇಕಬ್ಬೆಯ ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿದೆಯೆಂದು ಉದಾಹರಣೆಗಾಗಿ ಭಾವಿಸೋಣ. ಕಲ್ಲಿನಲ್ಲಿ ಹಾಗಿದೆಯೆಂದು ಹೇಳುತ್ತಿಲ್ಲ. ಸಂಪಾದಕನು ದೇ<ಕ>ಬ್ಬೆ ಎಂದು ಬರೆಯುತ್ತಾನೆ. ಸಾಮಾನ್ಯ ಎಚ್‌ಟಿಎಂಎಲ್ ಪುಟದಲ್ಲಿ ಟ್ಯಾಗಿನ ಹೆಸರು ರೋಮನ್ ಅಕ್ಷರದಿಂದಲೇ ಮೊದಲಾಗಬೇಕು. ಕನ್ನಡದ ಕಕಾರವನ್ನು ಕಂಡ ಬ್ರೌಸರು ಅದನ್ನು ಪಾಠವೆಂದೇ ಬಗೆದು ಇದ್ದಂತೆ ತೋರಿಸುತ್ತದೆ. ಎಕ್ಸ್‌ಎಂಎಲ್ ನಮ್ಮ ಲಿಪಿಗೆ ಹೆಚ್ಚು ಮರ್ಯಾದೆ ಕೊಡುತ್ತದೆ: ಕನ್ನಡದ ಅಕ್ಷರವೂ ಟ್ಯಾಗಿನ ಹೆಸರಾಗಬಹುದು. ಆ ಮರ್ಯಾದೆಯಿಂದಲೇ ಇಲ್ಲಿ ಕೇಡು. <ಕ> ಎಂಬುದು ತೆರೆಯುವ ಟ್ಯಾಗೆನಿಸಿ, ಮುಚ್ಚುವ ಟ್ಯಾಗು ಕಾಣದೆ, ಪುಟವೇ ನಿಂತುಹೋಗುತ್ತದೆ. ನಿಂತರೆ ವಾಸಿ; ತಪ್ಪು ಕಣ್ಣಿಗೆ ಬಿದ್ದಂತಾಯಿತು. ಯಂತ್ರದ ಆಕ್ಷೇಪಣೆಯನ್ನು ಅಡಗಿಸುವುದಕ್ಕಾಗಿ ಯಾರಾದರೂ ಅದನ್ನು <ಕ/> ಎಂದು ತಿದ್ದಿದರೆ ಪುಟ ತೆರೆಯುತ್ತದೆ, ಓದುಗನಿಗೆ ‘ದೇಬ್ಬೆ’ ಮಾತ್ರ ಕಾಣುತ್ತದೆ.

ವೈಯಾಕರಣರಿಗೆ ಇದು ಹೊಸ ಸಮಸ್ಯೆಯಲ್ಲ. ವ್ಯಾಕರಣಸೂತ್ರದಲ್ಲಿ ಹೇಳಿದ ಶಬ್ದವು, ಪಾರಿಭಾಷಿಕವಲ್ಲದಿದ್ದರೆ, ತನ್ನ ರೂಪವನ್ನೇ ಸೂಚಿಸುತ್ತದೆಂದು ಪಾಣಿನಿಯು ಮೊದಲ ಅಧ್ಯಾಯದ ಮೊದಲ ಪಾದದಲ್ಲಿಯೇ ವಿಧಿಸಿದ್ದಾನೆ. ‘ಮರ ಎಂಬ ಪದ’ ಎನ್ನುವಾಗ ನಾವೂ ವೃಕ್ಷವನ್ನು ಹೇಳದೆ ಎರಡಕ್ಷರವನ್ನು ಹೇಳುತ್ತೇವೆ. ‘ಎಂಬ’ ಎಂಬುದು ಅದರ ಗುರುತು. ಚಿಹ್ನೆಯು ತನ್ನ ಕೆಲಸವನ್ನು ಮಾಡದೆ ರೂಪವನ್ನಷ್ಟೇ ತೋರಬೇಕಾದಾಗ ಎಕ್ಸ್‌ಎಂಎಲ್‌ನಲ್ಲಿಯೂ ಇಂತಹ ಗುರುತು ಬೇಕು. ಅದಕ್ಕೆ ಯೂನಿಕೋಡ್ ಸಂಖ್ಯೆಯನ್ನು ಬರೆಯುವ ಕ್ರಮವಿದೆ: < ಚಿಹ್ನೆಗೆ &#60; ಎಂದೂ, > ಚಿಹ್ನೆಗೆ &#62; ಎಂದೂ, & ಚಿಹ್ನೆಗೆ &#38; ಎಂದೂ ಬರೆಯತಕ್ಕದ್ದು. ಪಾಠವನ್ನೆಲ್ಲ ಒಮ್ಮೆಗೇ ತಿದ್ದುವಾಗ & ಚಿಹ್ನೆಯನ್ನು ಮೊದಲು ತಿದ್ದಬೇಕು. ಕ್ರಮ ತಪ್ಪಿದರೆ ಹೊಸದಾಗಿ ಬರೆದ &#60; ಎಂಬುದರ ಮೊದಲ ಚಿಹ್ನೆಯೂ ಬದಲಾಗಿ &#38;#60; ಎಂದಾಗುತ್ತದೆ; ಕೋನಾವರಣದ ಸ್ಥಳದಲ್ಲಿ &#60; ಎಂಬ ಐದು ಚಿಹ್ನೆಗಳೇ ನಿಲ್ಲುತ್ತವೆ.

ಶಾಸನಗಳನ್ನು ಕಾಲಾನುಸಾರ ಹುಡುಕಿಕೊಡುವ ಜಾವಾಸ್ಕ್ರಿಪ್ಟ್ ಆದೇಶಗಳನ್ನು ಪುಟದೊಳಗೇ ಇಟ್ಟರೆ ತೊಡಕು ಇಮ್ಮಡಿ. ‘ಕಾಲ > 900 && ಕಾಲ < 1100’ ಎಂಬಂತಹ ಷರತ್ತಿನಲ್ಲಿ ಈ ಚಿಹ್ನೆಗಳೆಲ್ಲ ಸಹಜವಾಗಿ ಬರುತ್ತವೆ. ಎಚ್‌ಟಿಎಂಎಲ್ ಆ ಭಾಗವನ್ನು ಮುಟ್ಟದೆ ಬಿಡುತ್ತದೆ. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಪುಟವನ್ನು ಎಕ್ಸ್‌ಎಂಎಲ್ ಆಗಿಯೇ ಓದಿಸಿದರೆ ಬಿಡುವುದಿಲ್ಲ. ಎಲ್ಲವನ್ನೂ ಸಂಖ್ಯೆಗಳಾಗಿ ಬರೆದರೆ ಆದೇಶವನ್ನು ಮನುಷ್ಯನು ಓದಲಾರ. ಅದಕ್ಕಾಗಿ ಸಿಡೇಟಾ ಎಂಬ ಆವರಣವನ್ನು ಕಲ್ಪಿಸಿದ್ದಾರೆ. ಅದರೊಳಗಿನದೆಲ್ಲ ಬರಿಯ ಅಕ್ಷರರಾಶಿ. ಈ ಆವರಣವು ]]> ಎಂಬಲ್ಲಿ ಮುಗಿಯುತ್ತದೆ. ಆದುದರಿಂದ ಆದೇಶದಲ್ಲಿಯೇ ‘ಸಾಲು[ಕ್ರಮ[3]]>0’ ಎಂದಿದ್ದರೆ ಅದು ನಡುವೆಯೇ ಮುರಿದುಹೋಗುವುದು. > ಚಿಹ್ನೆಯ ಹಿಂದೆ ಒಂದು ತೆರಪು ಬಿಟ್ಟರೆ ಸಾಕು. ಇಂತಹ ಆದೇಶಗಳನ್ನು ಬೇರೆಯ ಕಡತದಲ್ಲಿಟ್ಟು ಪುಟದಿಂದ ಕರೆಯುವುದೇ ಮೇಲೆಂದು ನನ್ನ ಅಭಿಪ್ರಾಯ.

ಪಾಠದ ವಿಷಯದಲ್ಲಿ ಇನ್ನೂ ಉತ್ತಮವಾದ ದಾರಿಯೊಂದಿದೆ. ಶಾಸನಗಳಿಗಾಗಿ ರೂಢಿಗೆ ಬಂದಿರುವ ಎಪಿಡಾಕ್ ಪದ್ಧತಿಯು ಕೋನಾವರಣವನ್ನು ಬರೆಯದೆ, ‘ಸಂಪಾದಕನು ಪೂರೈಸಿದುದು, ಕಾರಣ ಲೋಪ’ ಎಂಬರ್ಥದ ಟ್ಯಾಗನ್ನೇ ಆ ಅಕ್ಷರಕ್ಕೆ ತೊಡಿಸುತ್ತದೆ. ಆಗ ಲುಪ್ತಾಕ್ಷರಗಳನ್ನು ಗಣಕವೇ ಎಣಿಸಿಕೊಡಬಲ್ಲುದು. ಆದರೆ ಆ ಟ್ಯಾಗು ಹೇಗಿರುತ್ತದೆಂದು ವಿದ್ಯಾರ್ಥಿಗಳಿಗೆ ಪುಟದಲ್ಲಿ ಬರೆದು ತೋರಿಸಹೊರಟ ಅಧ್ಯಾಪಕನು ಮತ್ತೆ &#60; ಬಳಿಗೇ ಬರಬೇಕಾಗುತ್ತದೆ.