ರಮ್ಮಿಜ್: ಒಂದು ಕಲ್ಪಿತ ವಿಶ್ವವಿದ್ಯಾನಿಲಯದ ಚಾರಿತ್ರಿಕ ಸಾಕ್ಷ್ಯ

ಇತಿಹಾಸಕಾರನು ಶಾಸನವನ್ನು ಓದುತ್ತಾನೆ, ಕಡತವನ್ನು ಪರಿಶೀಲಿಸುತ್ತಾನೆ. ಕಾದಂಬರಿಯನ್ನು ಮಾತ್ರ ಬಿಡುವಿನ ವೇಳೆಗೆಂದು ಬದಿಗಿರಿಸುತ್ತಾನೆ. ಈ ರೂಢಿ ಎಷ್ಟರಮಟ್ಟಿಗೆ ಸಮಂಜಸವೆಂಬುದನ್ನು ಒಂದು ನಿದರ್ಶನದ ಮೂಲಕ ಇಲ್ಲಿ ವಿಚಾರಿಸುತ್ತೇವೆ.

ರಮ್ಮಿಜ್ ಎಂಬ ಊರು ಇಂಗ್ಲೆಂಡಿನ ಭೂಪಟದಲ್ಲಿಲ್ಲ. ಡೇವಿಡ್ ಲಾಡ್ಜ್ (1935–2025) ಅವರು ‘ಚೇಂಜಿಂಗ್ ಪ್ಲೇಸಸ್’ (1975), ‘ಸ್ಮಾಲ್ ವರ್ಲ್ಡ್’ (1984), ‘ನೈಸ್ ವರ್ಕ್’ (1988) ಎಂಬ ಮೂರು ಕಾದಂಬರಿಗಳಲ್ಲಿ, ಬರ್ಮಿಂಗ್‌ಹ್ಯಾಮ್ ನಗರವಿರುವ ಸ್ಥಳದಲ್ಲಿ ಅದನ್ನು ಕಲ್ಪಿಸಿದರು. 1960ರಿಂದ 1987ರವರೆಗೆ ಅವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿಯೇ ಅಧ್ಯಾಪಕರಾಗಿದ್ದರು. ಆದಕಾರಣ, ಮನೆಯೊಳಗಿದ್ದವರೇ ಮನೆಯ ಹುಳುಕನ್ನು ಎತ್ತಿ ತೋರಿದಂತಿದೆ ಅವರ ಹಾಸ್ಯ.

ಮೊದಲನೆಯ ಕಾದಂಬರಿಯ ಕಾಲ 1969. ಅಲ್ಲಿ ರಮ್ಮಿಜ್‌ನ ಫಿಲಿಪ್ ಸ್ವಾಲೋ ಅಮೆರಿಕದ ಮಾರಿಸ್ ಜ್ಯಾಪ್‌ನೊಡನೆ ಆರು ತಿಂಗಳ ಮಟ್ಟಿಗೆ ಹುದ್ದೆಯನ್ನು ಅದಲುಬದಲು ಮಾಡಿಕೊಳ್ಳುತ್ತಾನೆ. ಸ್ವಾಲೋ ಹೇಳಿಕೊಳ್ಳುವಂಥ ಗ್ರಂಥವನ್ನು ಬರೆದವನಲ್ಲ; ಆದರೂ ಅವನ ಕೆಲಸಕ್ಕೆ ಭಯವಿಲ್ಲ. ಮೂರನೆಯ ಕಾದಂಬರಿಯಲ್ಲಿ ಸ್ಥಿತಿ ತಲೆಕೆಳಗಾಗಿದೆ. ರಾಬಿನ್ ಪೆನ್‌ರೋಸ್ ಪ್ರತಿಭಾವಂತೆ, ಗ್ರಂಥಕರ್ತೆ. ಆದರೆ ಮೂರು ವರ್ಷದ ತಾತ್ಕಾಲಿಕ ನೇಮಕದವಳು.

ಈ ಎರಡು ಚಿತ್ರಗಳ ನಡುವೆ ನಡೆದುದೇನು? 1981ರಲ್ಲಿ ವಿಶ್ವವಿದ್ಯಾನಿಲಯಗಳ ಅನುದಾನವನ್ನು ಕಡಿತಗೊಳಿಸಲಾಯಿತು. ಸಾಲ್‌ಫರ್ಡ್ ವಿಶ್ವವಿದ್ಯಾನಿಲಯವು ತನ್ನ ಅನುದಾನದಲ್ಲಿ ಶೇಕಡ 40ಕ್ಕೂ ಮಿಕ್ಕ ಭಾಗವನ್ನು ಕಳೆದುಕೊಳ್ಳಬೇಕಾಯಿತು. 1986ರಲ್ಲಿ ಸಂಶೋಧನೆಯನ್ನು ಅಳೆದು ಹಣ ಹಂಚುವ ಪದ್ಧತಿ ಬಂದಿತು. 1988ರ ಶಿಕ್ಷಣ ಸುಧಾರಣಾ ಶಾಸನವು ಹೊಸದಾಗಿ ಸೇರುವ ಅಧ್ಯಾಪಕರ ಪಾಲಿಗೆ ಹುದ್ದೆಯ ಶಾಶ್ವತ ಭದ್ರತೆಯನ್ನು ಇಲ್ಲವಾಗಿಸಿತು. ಕಡತಗಳು ಇಷ್ಟನ್ನು ಹೇಳುತ್ತವೆ. ನೇಮಕದ ಅವಧಿ ಮುಗಿಯುವ ದಿನವನ್ನು ಎಣಿಸುತ್ತ ಪಾಠ ಹೇಳುವವಳ ಮನಸ್ಸನ್ನು ಅವು ಹೇಳವು.

ಹಾಗೆಂದು ವಿಡಂಬನೆಯನ್ನು ವರದಿಯೆಂದು ಓದಲಾಗದು. ನಗೆಗಾಗಿ ಲೇಖಕನು ಉತ್ಪ್ರೇಕ್ಷಿಸುತ್ತಾನೆ. ಘಟನೆಯನ್ನು ತಿಳಿಯಲು ಕಡತವನ್ನೂ, ಅದು ಅನುಭವಕ್ಕೆ ಬಂದ ಬಗೆಯನ್ನು ತಿಳಿಯಲು ಕಾದಂಬರಿಯನ್ನೂ ಆಶ್ರಯಿಸಿ, ಒಂದರಿಂದ ಇನ್ನೊಂದನ್ನು ತಿದ್ದಿಕೊಳ್ಳುವುದು ಯುಕ್ತವೆಂದು ನಮ್ಮ ಮತ.

ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದಾರೆ. ಅವರ ನೇಮಕದ ಆದೇಶಗಳು ಪತ್ರಾಗಾರಗಳಲ್ಲಿ ಉಳಿದಾವು. ಅವರ ಬಾಳನ್ನು ಯಾರಾದರೂ ಬರೆದಿಡದಿದ್ದರೆ, ಮುಂದಿನ ಇತಿಹಾಸಕಾರನಿಗೆ ಅವರು ಬರಿಯ ಸಂಖ್ಯೆಯಾಗಿಯೇ ಕಾಣುವರು.