ಮರೆವಿನ ಕಾಯಿಲೆ: ಮಾತ್ರೆ ನಿಲ್ಲಿಸುವ ಮುನ್ನ

“ಎರಡು ವರ್ಷದಿಂದ ಮಾತ್ರೆ ಕೊಡುತ್ತಿದ್ದೇವೆ, ಮರೆವು ಹೆಚ್ಚುತ್ತಲೇ ಇದೆ. ಇನ್ನು ದುಡ್ಡು ಸುರಿದು ಏನು ಪ್ರಯೋಜನ?” ಅಲ್ಝೈಮರ್ ಕಾಯಿಲೆ ತಗಲಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ನಿಮಗೂ ಹೀಗೆ ಅನಿಸಿರಬಹುದು. ಆದರೆ ತೀರ್ಮಾನಕ್ಕೆ ಬರುವ ಮುನ್ನ ಬ್ರಿಟನ್ನಿನ ಅಧ್ಯಯನವೊಂದನ್ನು ತಿಳಿದುಕೊಳ್ಳಿ.

ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಔಷಧಿಗಳಲ್ಲಿ ಡೊನೆಪೆಝಿಲ್ ಒಂದು. ನೆನಪಿಗೆ ನೆರವಾಗುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಮೆದುಳಿನಲ್ಲಿ ಬೇಗನೆ ನಾಶವಾಗದಂತೆ ಅದು ತಡೆಯುತ್ತದೆ. ಆದರೆ ಮೆದುಳಿನ ಜೀವಕೋಶಗಳು ಸಾಯುವುದನ್ನು ತಡೆಯದು. ಹಾಗಾಗಿ ಮಾತ್ರೆ ಸೇವಿಸುತ್ತಿದ್ದರೂ ಕಾಯಿಲೆ ಮುಂದುವರಿಯುತ್ತದೆ.

ಬ್ರಿಟನ್ನಿನಲ್ಲಿ ಈ ಮಾತ್ರೆ ಸೇವಿಸುತ್ತಾ ಮನೆಯಲ್ಲೇ ಇದ್ದ 295 ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಎಲ್ಲರ ಕಾಯಿಲೆಯೂ ಮಧ್ಯಮ ಹಂತವನ್ನಾದರೂ ತಲುಪಿತ್ತು. ಕೆಲವರಿಗೆ ಮಾತ್ರೆ ಮುಂದುವರಿಸಿ, ಉಳಿದವರಿಗೆ ನಿಲ್ಲಿಸಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಿಲ್ಲಿಸಿದವರ ನೆನಪು ಮತ್ತು ದಿನನಿತ್ಯದ ಸಾಮರ್ಥ್ಯ ಹೆಚ್ಚು ಕುಸಿದಿತ್ತು.

2015ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಮಾತ್ರೆ ನಿಲ್ಲಿಸಿದವರು ಮೊದಲ ವರ್ಷದಲ್ಲೇ ನರ್ಸಿಂಗ್ ಹೋಂ ಸೇರುವ ಸಂಭವ ಸುಮಾರು ಇಮ್ಮಡಿಯಾಗಿತ್ತು. ಅಲ್ಲಿ ನರ್ಸಿಂಗ್ ಹೋಂ ಎಂದರೆ ನಮ್ಮಲ್ಲಿಯಂತೆ ಚಿಕ್ಕ ಆಸ್ಪತ್ರೆಯಲ್ಲ, ವೃದ್ಧರು ಕಾಯಂ ಆಗಿ ಉಳಿಯುವ ಆರೈಕೆ ಕೇಂದ್ರ. ಆದರೆ ಮುಂದಿನ ಮೂರು ವರ್ಷಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ವರ್ಷಗಳೊಳಗೆ ಒಟ್ಟು ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿಗೆ ಸೇರಿದ್ದರು.

ಅಂದರೆ ಈ ಮಾತ್ರೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಒಂದಿಷ್ಟು ಕಾಲಾವಕಾಶ ಕೊಡುತ್ತದೆ. ತಾನಾಗಿ ಉಣ್ಣುವ, ಉಡುವ ಶಕ್ತಿ ಹಿರಿಯರಲ್ಲಿ ಕೆಲವು ತಿಂಗಳು ಹೆಚ್ಚು ಉಳಿದರೂ ಅದು ಸಣ್ಣ ಸಂಗತಿಯಲ್ಲ. ಅಂತಹ ಕೇಂದ್ರಗಳು ವಿರಳವಾಗಿರುವ ನಮ್ಮಲ್ಲಿ ಆ ಶಕ್ತಿ ಕುಂದಿದಾಗ ಹೊರೆ ಬೀಳುವುದು ಮನೆಯ ಸೊಸೆ ಅಥವಾ ಮಗಳ ಮೇಲೆ.

ಹಾಗೆಂದು ಎಲ್ಲರೂ ಕೊನೆಯವರೆಗೂ ಸೇವಿಸಲೇಬೇಕೆಂದಿಲ್ಲ. ವಾಕರಿಕೆ, ಭೇದಿ, ಹಸಿವಿಲ್ಲದಿರುವುದು, ನಾಡಿ ಬಡಿತ ನಿಧಾನವಾಗುವುದು, ತಲೆಸುತ್ತಿ ಬೀಳುವುದು ಕಂಡುಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಆದರೆ ಕಾಯಿಲೆ ಉಲ್ಬಣಿಸಿತೆಂಬ ಒಂದೇ ಕಾರಣಕ್ಕೆ ಇಂತಹ ಔಷಧಿ ನಿಲ್ಲಿಸಬಾರದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2018ರಲ್ಲಿ ಹೇಳಿದೆ. ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ ನಿಲ್ಲಿಸಿದರೂ ಮುಂದಿನ ಕೆಲವು ವಾರ ಅವರ ನಡವಳಿಕೆ, ಊಟ, ನಿದ್ದೆಯನ್ನು ಗಮನಿಸುತ್ತಿರಿ.

ಮಾತ್ರೆ ಕೊಡುವ ಕಾಲಾವಕಾಶ ಚಿಕ್ಕದು. ಅಷ್ಟರೊಳಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆರೈಕೆಯ ಕೆಲಸವನ್ನು ಹಂಚಿಕೊಳ್ಳಿ. ಒಬ್ಬಳೇ ಎಷ್ಟು ದಿನ ಹೊತ್ತಾಳು?